ಮೋದಿನಸಾಬ ಕೊರೆದ ಅಕ್ಷರ

ಸಿಂದಗಿ ಪೇಟೆಯಲ್ಲಿ ಭಾಂಡೆ-ಪಾತ್ರೆಗಳ ಮೇಲೆ ಹೆಸರು ಕೊರೆಯುವ ಮೋದಿನಸಾಬನಿಗೆ ಕನ್ನಡ, ಉರ್ದು ಬರುತ್ತಿದ್ದವು; ಇಂಗ್ಲಿಷ್ ಬರುತ್ತಿರಲಿಲ್ಲ. ೧೯೫೮ರ ಬೇಸಿಗೆಯಲ್ಲಿ ಭಾಂಡೆ ಅಂಗಡಿಯ ಶೇಠ ಸೊಲ್ಲಾಪುರದಿಂದ ತರಿಸಿದ ಮೂವತ್ತು ಸ್ಟೋವ್‌ಗಳನ್ನೂ ಒಂದು ಇಂಗ್ಲಿಷ್ ಚೀಟಿಯನ್ನೂ ಅವನ ಮುಂದಿಟ್ಟು, "ಇದರಾಗ ಇದ್ದಂಗ ಕೊರಿ" ಎಂದ. ಮೋದಿನಸಾಬ ಚಿತ್ರ ಬರೆಯುವವನಂತೆ ನೋಡಿ ನೋಡಿ ಕೊರೆದುಕೊಟ್ಟ.

ತಿಂಗಳ ಮೇಲೆ ಹೆಣ್ಣುಮಕ್ಕಳ ಶಾಲೆಯ ಗೋದೂಬಾಯಿ ಅಕ್ಕೋರ ಮನೆಗೆ ಕೊಡದ ಮೇಲೆ ಹೆಸರು ಹಾಕಲು ಹೋದ. ಪಡಸಾಲೆಯಲ್ಲಿ ಚಹಾ ಕುದಿಯುತ್ತಿದ್ದ ಸ್ಟೋವ್ ಮೇಲೆ ತನ್ನ ಕೈಯ ಅಕ್ಷರಗಳು ಕಂಡವು.

"ಅಲ್ಲೇನು ಬರದೈತ್ರಿ, ಅಕ್ಕೋರ?"

"ಸ್ವೀಡನ್ ದೇಶದಾಗ ಮಾಡಿದ್ದು ಅಂತ ಅದ. ಅದಕ್ಕ ಹೆಚ್ಚಿಗಿ ರೊಕ್ಕ ಕೊಟ್ಟು ತಂದೇನಿ."

ಅವನು ಉಳಿ ಕೆಳಗಿಟ್ಟ. ಎದ್ದು ಬಾಗಿಲ ತನಕ ಹೋದವನು ತಿರುಗಿ ಬಂದ.

"ಅದನ್ನ ನಾನ ಕೊರದೇನ್ರಿ. ಸ್ಟೋವ್ ಸೊಲ್ಲಾಪುರದ್ದು."

"ನಿನಗ ಗೊತ್ತಿತ್ತೇನು, ಮೋದಿನಸಾಬ?"

"ಇಲ್ರಿ."

"ಈಗ ಗೊತ್ತಾತಲ್ಲ," ಎಂದು ಅಕ್ಕೋರು ಸ್ಟೋವ್ ಆರಿಸಿ ಅವನ ಮುಂದಿಟ್ಟರು. ಅವನು ಲೋಹ ಉಜ್ಜುವ ಕಾನಸಿನಿಂದ ತಿಕ್ಕಿ ಅಕ್ಷರ ಅಳಿಸಿದ.

ಶೇಠನನ್ನು ಕೇಳಿದರೆ, "ಕೊರಿಯಾಂವಗ ಯಾಕ ಅದರ ಚಿಂತಿ?" ಎಂದು ನಕ್ಕ, ಮತ್ತೆ ಕೆಲಸ ಕೊಡಲಿಲ್ಲ. ಮೋದಿನಸಾಬನಿಗೆ ಕೂತಲ್ಲಿ ಕೂರಲಾಗಲಿಲ್ಲ. ಕಾನಸು ಹಿಡಿದು ಮನೆಮನೆಗೆ ಅಲೆದ. ಕೆಲವರು ಸ್ಟೋವ್ ಕೊಟ್ಟರು. ಕೆಲವರು, "ನಮ್ಮದು ಫಾರಿನ್ ಮಾಲು, ಮುಟ್ಟಬ್ಯಾಡ" ಎಂದು ಕದ ಹಾಕಿಕೊಂಡರು. ದೀಪಾವಳಿ ಹೊತ್ತಿಗೆ ಹನ್ನೊಂದು ಅಳಿಸಿದ್ದ. ಉಳಿದವುಗಳಲ್ಲಿ ಹೆಚ್ಚಿನವು ಇಂಡಿ, ಮುದ್ದೇಬಿಹಾಳ ಊರುಗಳ ಕಡೆ ಹೋಗಿದ್ದವು. ಆ ಕಡೆ ಕೆಲಸಕ್ಕೆ ಹೋದಾಗಲೆಲ್ಲ ಹೆಸರು ಕೊರೆಯುವ ಮೊದಲೇ ಕೇಳುತ್ತಿದ್ದ: "ಮನ್ಯಾಗ ಸ್ಟೋವ್ ಐತೇನ್ರಿ?"