ಆಂಟಿಯ ಫಲಿತ ಬಲ

ಆಂಟಿಯ ಬಲಗೈ ತೋರುಬೆರಳು ಕೊನೆಯ ಗೆಣ್ಣಿನಲ್ಲಿ ಎಡಕ್ಕೆ ಬಾಗಿತ್ತು. ಕಿಟಕಿ ತೋರಿಸಿದರೆ ಬೆರಳು ಫ್ರಿಜ್ ಕಡೆ ಹೋಗುತ್ತಿತ್ತು. ಮಸ್ಕತ್ತಿನ ಶಾಲೆಯಲ್ಲಿ ಸೀಮೆಸುಣ್ಣ ಹಿಡಿದು ಭೌತವಿಜ್ಞಾನ ಕಲಿಸಿದ್ದರ ಗುರುತು ಅದು ಎಂದು ಅವರು ಹೆಮ್ಮೆಯಿಂದ ಹೇಳುತ್ತಿದ್ದರು. ಡಾಕ್ಟರು ಸಂಧಿವಾತ ಎಂದಿದ್ದರಂತೆ.

ಆಸ್ಟ್ರೇಲಿಯಾದ ಪಶ್ಚಿಮ ತುದಿಯ ಪರ್ತ್‌ನ ಬೆಂಟ್ಲಿಯಲ್ಲಿ ಓದುವಾಗ ನಾನಿದ್ದದ್ದು ಅವರ ಮನೆಯ ಹಿಂಬದಿಯ ಕೋಣೆಯಲ್ಲಿ. ಉಡುಪಿ ಕಡೆಯ ಕ್ಯಾಥೊಲಿಕರು, ಗಂಡ ತೀರಿಕೊಂಡಿದ್ದರು. ಎಲ್ಲರಂತೆ ನಾನೂ ಆಂಟಿ ಎನ್ನುತ್ತಿದ್ದೆ. ನಾನು ದಾವಣಗೆರೆಯ ಕನ್ನಡ ಮಾಧ್ಯಮದವಳು. ಸದಿಶ, ಫಲಿತ ಬಲ ಎಂದು ಉರು ಹೊಡೆದದ್ದೇ ಇಲ್ಲಿ ವೆಕ್ಟರ್, ರಿಸಲ್ಟೆಂಟ್ ಎಂದು ಇಂಗ್ಲಿಷಿನಲ್ಲಿ ಎದುರಾದಾಗ ಗುರುತೇ ಸಿಗಲಿಲ್ಲ. ಎರಡು ಬಲ ಕಂಡರೆ ಸುಮ್ಮನೆ ಕೂಡಿಸಿ ಉತ್ತರ ಬರೆದುಬಿಡುತ್ತಿದ್ದೆ. ಮೊದಲ ಪರೀಕ್ಷೆಯಲ್ಲಿ ಫೇಲಾಗಿ ಅಳುತ್ತ ಕೂತಿದ್ದಾಗ ಆಂಟಿ ಊಟದ ಮೇಜಿನ ಚೌಕಳಿ ಬಟ್ಟೆಯ ಮೇಲೆ ಒಂದು ಚಮಚವನ್ನು ಓರೆಯಾಗಿ ಇಟ್ಟರು.

"ಇದು ಬಲಕ್ಕೆ ಎಷ್ಟು ಚೌಕ ಹೋಗಿದೆ, ಮೇಲಕ್ಕೆ ಎಷ್ಟು ಹೋಗಿದೆ, ಬೇರೆ ಬೇರೆ ಎಣಿಸು. ಮೊದಲು ಒಡೆಯುವುದು, ಮತ್ತೆ ಕೂಡಿಸುವುದು. ಓರೆಯನ್ನು ಹಾಗೇ ಕೂಡಿಸಲಿಕ್ಕೆ ಹೋಗಬೇಡ ಮಾರಾಯ್ತಿ."

ಇನ್ನೊಂದು ಚಮಚ ಕೆಳಕ್ಕೆ ಓರೆಯಾಗಿ ಬಂತು. ಬಲಕ್ಕಿದ್ದದ್ದು ಬಲಕ್ಕೆ ಸೇರಿತು. ಮೇಲಕ್ಕಿದ್ದದ್ದರಲ್ಲಿ ಕೆಳಕ್ಕಿದ್ದದ್ದು ಕಳೆಯಿತು. ಉಳಿದ ಎರಡರಿಂದ ಎಳೆದ ಒಂದು ಗೆರೆಯೇ ಫಲಿತ ಬಲ. ಮೀನು ಸಾರು ತಣ್ಣಗಾಗುವಷ್ಟರಲ್ಲಿ ನನ್ನ ತಲೆಗೆ ಹತ್ತಿತು.

ನನ್ನ ಕೊನೆಯ ವರ್ಷ ಆಂಟಿಯ ಹೃದಯ ಸೋಲತೊಡಗಿತು. ಬ್ರಿಸ್ಬೇನಿನಿಂದ ಮಗಳು, ಅಡಿಲೇಡಿನಿಂದ ಮಗ ಓಡಿಬಂದರು. ಮನೆ ಮಾರಿ ಅಮ್ಮ ನನ್ನ ಜೊತೆ ಬರಲಿ ಎಂದು ಮಗಳು, ಇಲ್ಲ ನನ್ನ ಜೊತೆ ಎಂದು ಮಗ. ಇಬ್ಬರ ದನಿಯೂ ಏರಿತು. ಮೆಲ್ಲಗೆ ಎದ್ದು ಹೋಗಬೇಕೆಂದಿದ್ದ ನನ್ನನ್ನು ಆಂಟಿ ಕೂರಿಸಿ, ನನಗೂ ತಿಳಿಯಲೆಂದು ಮನೆಮಾತು ಕೊಂಕಣಿ ಬಿಟ್ಟು ಕನ್ನಡದಲ್ಲೇ ಮಾತಾಡಿದರು. ಮತ್ತೆ ಎರಡು ಚಮಚ ಇಟ್ಟರು.

"ಎರಡೂ ಇಲ್ಲಿಂದ ಪೂರ್ವಕ್ಕೆ. ಬ್ರಿಸ್ಬೇನ್ ಮೇಲೆ, ಅಡಿಲೇಡ್ ಕೆಳಗೆ. ಮೇಲೆ ಕೆಳಗೆ ಕಳೆದುಹೋಯಿತು. ಇಬ್ಬರನ್ನೂ ಕೂಡಿಸಿದರೆ ಉಳಿಯುವುದು ಬರೀ ಪೂರ್ವ. ಅಲ್ಲಿ ಎಂತ ಉಂಟು? ಮರಳುಗಾಡು."

ಆಂಟಿ ಮೂರನೆಯ ಚಮಚವನ್ನು ಪಶ್ಚಿಮಕ್ಕೆ ಇಟ್ಟು, ಇದು ನಿಮ್ಮ ಪಪ್ಪ ಎಂದರು. ಅವರ ಗೋರಿ ಪರ್ತ್‌ನಲ್ಲೇ ಇತ್ತು. ಫಲಿತ ಸೊನ್ನೆ. ಹಾಗಾದರೆ ನಾವು ಲೆಕ್ಕಕ್ಕೇ ಇಲ್ಲವೇ ಎಂದು ಮಗ ನೊಂದು ಕೇಳಿದರು.

"ಸೊನ್ನೆ ಅಂದ್ರೆ ಯಾರೂ ಎಳೆಯುವುದಿಲ್ಲ ಅಂತ ಅಲ್ಲ ಮಗಾ. ಎಲ್ಲರೂ ಎಳೀತಾ ಇದ್ದೀರಿ. ಅದಕ್ಕೇ ನಾನು ಅಲ್ಲಾಡದೆ ನಿಂತಿದ್ದೇನೆ."

ಆ ಚಳಿಗಾಲದಲ್ಲೇ ಅವರು ಹೋದರು. ಗಂಡನ ಪಕ್ಕದಲ್ಲೇ ಮಣ್ಣು ಮಾಡಿದೆವು. ನನಗೆ ಹೆತ್ತವಳನ್ನೇ ಕಳೆದುಕೊಂಡಷ್ಟು ದುಃಖವಾಗಿತ್ತು. ಜನ ಕರಗಿದ ಮೇಲೆ ಮಗಳು ನನ್ನನ್ನು ಪಕ್ಕಕ್ಕೆ ಕರೆದು, ತಡವರಿಸುವ ಕನ್ನಡದಲ್ಲಿ, ಮಮ್ಮಿಗೆ ನಮ್ಮ ಹತ್ತಿರ ಬರಬೇಕೆಂದು ಒಂದು ದಿನವೂ ಅನ್ನಿಸಲಿಲ್ಲವೇ ಎಂದು ಕೇಳಿದರು.

"ದಿನಾ ಅನ್ನಿಸ್ತಿತ್ತು ಅಕ್ಕ," ಎಂದೆ. "ನಿಮ್ಮ ಫೋನ್ ಇಟ್ಟ ಮೇಲೆ ಸೂಟ್‌ಕೇಸಿಗೆ ಬಟ್ಟೆ ತುಂಬೋರು. ಅಂಕಲ್ ಗೋರಿಗೆ ಹೋಗಿ ಬಂದು ಮತ್ತೆ ತೆಗೆದಿಡೋರು. ನಾನೇ ಮಡಿಸಿ ಕೊಡ್ತಿದ್ದೆ."

ಹಿಂದೆ ನಿಂತಿದ್ದ ಮಗ, ಆ ಸೂಟ್‌ಕೇಸ್ ಎಲ್ಲಿದೆ ಎಂದರು. ಮನೆಗೆ ಹೋಗಿ ಮಂಚದ ಕೆಳಗಿಂದ ಎಳೆದು ಕೊಟ್ಟೆ. ಕೊನೆಯ ಸಲ ತುಂಬಿದ್ದನ್ನು ತೆಗೆದಿಡಲು ಆಂಟಿಗೆ ಆಗಿರಲಿಲ್ಲ.