ಭೂಪಾಲ ಕತ್ತರಿಸಿದ ಪಟ್ಟಿ

ರಾಯಬಾಗದ ನಮ್ಮ ಓಣಿಯ ಭೂಪಾಲ ಡಾಕ್ಟರೊಬ್ಬರ ದವಾಖಾನೆಯಲ್ಲಿ ಔಷಧ ಕೊಡುತ್ತಿದ್ದ. ಬಾಟಲಿಗೆ ಔಷಧ ತುಂಬಿ, ಹೊರಗೆ ಕಾಗದದ ಪಟ್ಟಿ ಅಂಟಿಸುವುದು ಅವನ ರೂಢಿ. ಪಟ್ಟಿಯ ಅಂಚಿನಲ್ಲಿ ಕತ್ತರಿಯ ಕಚ್ಚು; ಒಂದು ಕಚ್ಚಿಗೆ ಒಂದು ಹೊತ್ತಿನ ಔಷಧ. ಓದು ಬಾರದವರೂ ತಪ್ಪುತ್ತಿರಲಿಲ್ಲ.

೧೯೮೬ರಲ್ಲಿ ಅವನ ಹೆಂಡತಿಯ ತಮ್ಮ ಅಣ್ಣಾಸಾಬ ಹಾರೂಗೇರಿಯಲ್ಲಿ ಔಷಧ ಅಂಗಡಿ ತೆಗೆದ. ಓದಿದ್ದು ಬರೀ ಹತ್ತನೇ ಇಯತ್ತೆ. ಫಾರ್ಮಸಿಸ್ಟ್ ಎದುರಿಗಿಲ್ಲದೆ ಔಷಧ ಮಾರುವಂತಿಲ್ಲ. ಹೀಗಾಗಿ ಭೂಪಾಲನ ಫಾರ್ಮಸಿಸ್ಟ್ ಸರ್ಟಿಫಿಕೇಟು ಅಲ್ಲಿಯ ಗೋಡೆ ಏರಿತು. ತೀರಿಕೊಂಡ ಹೆಂಡತಿಯ ಕಡೆಯವರಿಗೆ ಇಲ್ಲವೆನ್ನಲು ಇವನಿಗೆ ಬಾಯಿ ಬರಲಿಲ್ಲ. ಸಾಲದ್ದಕ್ಕೆ, ಪಟ್ಟಿಗಳನ್ನೂ ಮೊದಲೇ ಕತ್ತರಿಸಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸುತ್ತಿದ್ದ. ಹುಚ್ಚ!

ಎಂಟು ಕಚ್ಚಿನ ಪಟ್ಟಿ ಮುಗಿದ ದಿನ ಅಣ್ಣಾಸಾಬ ನಾಲ್ಕು ಕಚ್ಚಿನದನ್ನೇ ಅಂಟಿಸಿಬಿಟ್ಟ. ಭೂಪಾಲನ ಪಟ್ಟಿ ಎಂಬ ನಂಬಿಕೆಯಲ್ಲಿ ಅದೇ ಊರಿನ ಜನ್ನತಬಿ ಮೊಮ್ಮಗಳಿಗೆ ಎರಡರಷ್ಟು ಔಷಧ ಕುಡಿಸಿದಳು. ಮಗು ಎರಡು ದಿನ ಕಣ್ಣು ತೆರೆಯಲಿಲ್ಲ. ಬದುಕಿತು, ಪುಣ್ಯ.

ಬೆಂಗಳೂರಿನ ಫಾರ್ಮಸಿ ಕೌನ್ಸಿಲಿನಲ್ಲಿ ಭೂಪಾಲನ ವಿಚಾರಣೆಯಾಯಿತು. ಆ ದಿನ ಅಂಗಡಿಯಲ್ಲೇ ಇದ್ದೆ, ಅವಸರದಲ್ಲಿ ಕೈತಪ್ಪಾಯಿತು ಅಂದರೆ ಎಚ್ಚರಿಕೆ ಕೊಟ್ಟು ಬಿಡುತ್ತಾರೆ ಎಂದು ವಕೀಲ ಹೇಳಿಕೊಟ್ಟಿದ್ದ.

“ಪಟ್ಟಿ ನಂದರಿ. ಆದ್ರ ಆ ಅಂಗಡ್ಯಾಗ ನಾ ಒಂದ ದಿನಾನೂ ನಿಂತಿಲ್ರಿ,” ಅಂದನಂತೆ ಭೂಪಾಲ.

ಫಾರ್ಮಸಿಸ್ಟರ ರಜಿಸ್ಟರಿನಿಂದ ಅವನ ಹೆಸರನ್ನು ಕಾಯಂ ತೆಗೆದುಹಾಕಿದರು. ದವಾಖಾನೆಯ ಕೆಲಸ ಹೋಯಿತು. ಅಂಗಡಿ ಮುಚ್ಚಿದ ಅಣ್ಣಾಸಾಬ ಇವನ ಜೊತೆ ಮಾತು ಬಿಟ್ಟ. ಗುಳಿಗೆ ತೋರಿಸಲು ಭೂಪಾಲನ ಕಟ್ಟೆಗೆ ಬರುತ್ತಿದ್ದ ಓಣಿಯವರು ಮುಖ ತಿರುಗಿಸಿ ಹೋಗತೊಡಗಿದರು. ಸುಳ್ಳೇಕೆ, ಎದುರು ಮನೆಯ ನಾನೂ ಹಾಗೇ ಮಾಡಿದೆ. ದಿನವಿಡೀ ಅವನೊಬ್ಬನೇ ಬಾಗಿಲಲ್ಲಿ ಕೂತಿರುತ್ತಿದ್ದ. ಎದುರಿಗೇ ಕಾಣುತ್ತಿದ್ದ, ಆದರೂ ನಾನು ಹೋಗಲಿಲ್ಲ.

ಎರಡು ವರ್ಷದ ಮೇಲೆ ಹಾರೂಗೇರಿಯಿಂದ ಜನ್ನತಬಿ ಬಾಟಲಿ ಹಿಡಿದು ಅವನ ಕಟ್ಟೆಗೆ ಬಂದಳು.

“ಅಣ್ಣಾರ, ಮೊಮ್ಮಗಳಿಗೆ ಕೆಮ್ಮ ಐತ್ರಿ. ಒಂದ ಪಟ್ಟಿ ಹಚ್ಚಿ ಕೊಡ್ರಿ.”

“ನನ್ನ ಪಟ್ಟಿ ನಂಬೇ ಹಂಗಾತಲ್ಲ, ಜನ್ನತಕ್ಕ.”

“ಅವತ್ತ ನೀವು ಅಲ್ಲಿ ಇರ್ಲಿಲ್ರಿ. ಇವತ್ತ ಇದ್ದೀರಲ್ಲ.”

ಭೂಪಾಲ ಒಳಗಿನಿಂದ ಕತ್ತರಿ, ಕಾಗದ ತಂದ. ಕಾಗದ ಮಡಚಿದ. ಕತ್ತರಿ ಕೆಳಗಿಟ್ಟ.

“ಆಗೂದಿಲ್ಲಕ್ಕ. ನನಗೀಗ ಹಕ್ಕಿಲ್ಲ. ಡಾಕ್ಟರ ಹಂತ್ಯಾಕ ಹೋಗು.”

ಅವಳು ಓಣಿ ತಿರುಗುವವರೆಗೂ ನಿಂತು ನೋಡಿದ. ಆಮೇಲೆ ಎದುರಿನ ಕಟ್ಟೆಯಲ್ಲಿದ್ದ ನನ್ನ ಕಡೆ ತಿರುಗಿ, ಎರಡು ವರ್ಷದಲ್ಲಿ ಮೊದಲ ಸಲ ಮಾತಾಡಿದ:

“ನೋಡಿದ್ರೇನ್ರಿ? ನನ್ನ ಹುಡುಕ್ಕೊಂಡ ಬಂದಿದ್ಲು.”