ಆ ರಾತ್ರಿ ಝೋಫಿಯಾ ಎಲ್ಲಿದ್ದಳು?

ಬೆಳಗಿನ ಐದೂವರೆ. ಸ್ಲೊವಾಕಿಯಾದ ನಮ್ಮ ಪುಟ್ಟ ಪಟ್ಟಣದ ದಾಖಲೆ ಭಂಡಾರದಲ್ಲಿ ಒತೀಲಿಯಾ ನೆಲ ಒರೆಸುತ್ತಿದ್ದಾರೆ. ಎಂಟಕ್ಕೆ ಬಕೆಟ್ ಮೂಲೆಗಿಟ್ಟು ಕನ್ನಡಕ ಏರಿಸಿದರೆಂದರೆ ಅಧಿಕಾರಿಗಳೇ ಎದ್ದು ಕುರ್ಚಿ ಬಿಟ್ಟುಕೊಡುತ್ತಾರೆ. ಹಳೆಯ ಜನಗಣತಿಯ ಕಾಗೆಕಾಲು ಅಕ್ಷರವನ್ನು ಇವರಷ್ಟು ಸಲೀಸಾಗಿ ಓದುವವರು ಇಲ್ಲಿ ಇನ್ನೊಬ್ಬರಿಲ್ಲ.

ದಿನಕ್ಕೆ ನಲವತ್ತು ಹಾಳೆ. ಇಪ್ಪತ್ತಾರು ವರ್ಷಗಳಲ್ಲಿ ಮುನ್ನೂರು ಮನೆಗಳಿಗೆ ಕಳೆದುಹೋದ ಹಿರಿಯರನ್ನು ಹುಡುಕಿಕೊಟ್ಟಿದ್ದಾರೆ. ಪ್ರತಿಯಾಗಿ ಸಿಗುವುದು ಗಸಗಸೆ ಕೇಕು, ಪ್ಲಮ್ ಬ್ರಾಂದಿ, ಒಮ್ಮೊಮ್ಮೆ ಬೈಗುಳ. "ಎಲ್ಲರಿಗೂ ಜಮೀನ್ದಾರ ತಾತನೇ ಬೇಕು. ಹಂದಿ ಕಾಯೋನು ಸಿಕ್ಕಿದ್ರೆ ನನ್ನ ಮೇಲೆ ಮುಖ ಊದಿಸ್ಕೋತಾರೆ!"

ಆದರೆ ಈ ಎಪ್ಪತ್ತೊಂದರ ಹೆಂಗಸಿಗೆ ತಮ್ಮ ಮುತ್ತಜ್ಜನ ಅಪ್ಪ ಯಾರೆಂದೇ ಗೊತ್ತಿರಲಿಲ್ಲ. ಮುತ್ತಜ್ಜ ಹುಟ್ಟಿದ್ದು 1870ರ ಸೆಪ್ಟೆಂಬರ್ ಕೊನೆಯಲ್ಲಿ. ಚರ್ಚಿನ ಪುಸ್ತಕದಲ್ಲಿ ತಾಯಿ ಝೋಫಿಯಾ. ತಂದೆಯ ಜಾಗ ಖಾಲಿ. ಹಾಗಾಗಿ ನವೆಂಬರ್ ಒಂದರಂದು ಊರೆಲ್ಲ ತಮ್ಮವರ ಸಮಾಧಿಗೆ ಮೇಣದಬತ್ತಿ ಹಚ್ಚುವಾಗ, ಇವರದೊಂದು ಬತ್ತಿ ಸಮಾಧಿ ಗೊತ್ತಿಲ್ಲದವರಿಗೆಂದಿರುವ ದೊಡ್ಡ ಶಿಲುಬೆಯ ಕೆಳಗೆ ಹೋಗುತ್ತದೆ. "ಊರೋರಿಗೆಲ್ಲ ಹುಡುಕಿಕೊಟ್ಟು, ನಮ್ಮೋನಿಗೇ ವಿಳಾಸ ಇಲ್ಲ ಅಂದ್ರೆ ಸಂಕಟ ಆಗತ್ತಪ್ಪ."

ಅಂದಿನ ಗಣತಿಯಲ್ಲಿ ಬರೆದುಕೊಂಡದ್ದು 1869ರ ಡಿಸೆಂಬರ್ 31ರ ರಾತ್ರಿ ಯಾರು ಯಾವ ಸೂರಿನಡಿ ಇದ್ದರು, ಸಾಕುಪ್ರಾಣಿ ಎಷ್ಟಿದ್ದವು ಎಂಬುದನ್ನು. ಒತೀಲಿಯಾ ಬೆರಳು ಮಡಿಸಿ ಒಂಬತ್ತು ತಿಂಗಳು ಎಣಿಸಿದರು. ಝೋಫಿಯಾಳ ಮನೆಯ ಹಾಳೆಯಲ್ಲಿ ಒಂದು ಮೇಕೆ ಇದೆ, ಯಜಮಾನಿ 'ಗೈರುಹಾಜರು'. ಹನ್ನೊಂದು ಚಳಿಗಾಲ ಹುಡುಕಿದ ಮೇಲೆ, ಪಕ್ಕದ ಹಳ್ಳಿಯ ಕಡತದೊಳಗೆ ಸೇರಿಹೋಗಿದ್ದ ಒಂದು ಹಾಳೆ ಕಳೆದ ವಾರ ಸಿಕ್ಕಿತು. ಹಿಟ್ಟಿನ ಗಿರಣಿ, ಒಂಟಿ ಗಂಡಸು ಬಾರ್ತೊಲೊಮೇಯ್, ಎರಡು ಕತ್ತೆ, 'ಅತಿಥಿ: ಝೋಫಿಯಾ'.

ಬಾರ್ತೊಲೊಮೇಯ್ ಆಮೇಲೆ ಬೇರೊಬ್ಬಳನ್ನು ಮದುವೆಯಾದ. ಆ ವಂಶದ ಬ್ಲಾಝೆಯ್, ಒತೀಲಿಯಾ ಅವರ ಪಕ್ಕದ ಮನೆಯವನೇ. ಇವರ ಪೇರ್ ಮರದ ಕೊಂಬೆ ಬೇಲಿ ದಾಟಿತೆಂದು ಹದಿನೆಂಟು ವರ್ಷಗಳಿಂದ ಮಾತು ಬಿಟ್ಟವನು. ಅವನ ಬಾಗಿಲು ತಟ್ಟಲು ಇವರಿಗೆ ಧೈರ್ಯ ಸಾಲದೆ, ಊರಿನ ಪತ್ರಿಕೆಗೆ ಬರೆಯುವ ನನ್ನನ್ನೂ ಕರೆದೊಯ್ಯುತ್ತಾರೆ.

"ಹಿಟ್ಟಿಗೆ ಹೋಗಿರ್ತಾಳೆ," ಎಂದು ಬ್ಲಾಝೆಯ್ ಹಾಳೆಯ ನಕಲನ್ನು ವಾಪಸು ಕೊಡುತ್ತಾನೆ.

"ಹೊಸ ವರ್ಷದ ಹಿಂದಿನ ರಾತ್ರಿ? ಮಂಡಿಯುದ್ದ ಹಿಮದಲ್ಲಿ?"

"ಅಷ್ಟಕ್ಕೇ ಸಾಕ್ಷಿ ಆಗೋಯ್ತಾ, ಮುದುಕಿ?"

"ಸಾಕ್ಷಿಗೆ ಸಾಲದು ಕಣೋ, ಒಂದು ಬತ್ತಿಗೆ ಸಾಕು. ಅವನ ಸಮಾಧಿ ಮೇಲೆ ಹಚ್ಲಾ ಅಂತ ಕೇಳೋಕೆ ಬಂದೆ."

ಬ್ಲಾಝೆಯ್ ಇವರ ಮೊರದಗಲ ಕಿವಿಗಳನ್ನು ನೋಡುತ್ತಾನೆ. ಆಮೇಲೆ ಮೆಲ್ಲಗೆ ತನ್ನವನ್ನು ಮುಟ್ಟಿಕೊಳ್ಳುತ್ತಾನೆ. ನನಗೆ ನಗು ಬರುತ್ತದೆ.

"ಹಚ್ಚಕ್ಕ," ಎನ್ನುತ್ತಾನೆ. "ಆದ್ರೆ ಎಡಗಡೆ ಬೇಡ. ಅಲ್ಲಿ ಅವನ ಹೆಂಡ್ತಿ ಮಲಗಿದ್ದಾಳೆ."

ಒತೀಲಿಯಾ ಹಾಳೆಯನ್ನು ಜೋಪಾನವಾಗಿ ಮಡಿಸುತ್ತಾರೆ.

"ಹತ್ತೇ ನಿಮಿಷ ಇದ್ದು ಬರ್ತೀನಿ ಕಣೋ. ಅವಳೇನಾದ್ರೂ ಕೇಳಿದ್ರೆ, ಅತಿಥಿ ಅಂತ ಹೇಳು."